‘ಹತ್ತಿರದವರನ್ನು ಹುಡುಕಿ’ ಗುಂಡಿಯವರಿಗೆ ಒಂದು ಭುಜದ ಬಿನ್ನಹ

ನಮ್ಮ ಆರೋಗ್ಯ ವಿಮಾ ಕಂಪನಿಯ ಜಾಲತಾಣದಲ್ಲಿ ಹಸಿರು ಬಣ್ಣದಿಂದ ವಿರಾಜಮಾನರಾಗಿರುವ, ‘ಹತ್ತಿರದವರನ್ನು ಹುಡುಕಿ’ ಎಂಬ ನಾಮಾಂಕಿತರಾದ ಮಾನ್ಯ ಗುಂಡಿಯವರೇ,

‘ಚಾಚಿದ ಕೈಗೆ ಎಟುಕದ ಕೊಂಬೆ ಯಾವುದಿದೆ’ ಎಂದು ಎಂದೋ ಓದಿದ ಕವಿತೆಯ ಸಾಲೊಂದು ನೆನಪಿನಲ್ಲಿದೆ. ‘ಕೊಂಬೆ’ ಎಂದಿತ್ತೋ ‘ಬಾನು’ ಎಂದಿತ್ತೋ ಈಗ ಖಚಿತವಿಲ್ಲ. ಓದಿದ ದಿನ ತಲೆದೂಗಿದ್ದೆ. ಈಗ ಕೇಳಬೇಕೆನಿಸುತ್ತದೆ: ಬರೆದವರ ಭುಜ ಎರಡೂ ನೆಟ್ಟಗಿದ್ದವೇ? ನನ್ನ ಬಲಗೈಗೆ ಅಡುಗೆಮನೆಯ ಮೇಲಿನ ಗೂಡೇ ಎಟುಕುವುದಿಲ್ಲ. ತಮಗೆ ತಲೆಯ ಮೇಲೆ ಕೈ ಜೋಡಿಸಿ ನಮಸ್ಕರಿಸಬೇಕೆಂದಿತ್ತು; ಎದೆಯ ಮಟ್ಟ ದಾಟಲು ಕೈ ಒಪ್ಪದ ಕಾರಣ ಅಲ್ಲಿಗೇ ನಿಲ್ಲಿಸಿದ್ದೇನೆ, ಮನ್ನಿಸಬೇಕು.

ನನ್ನ ಭುಜದ ಕೀಲು ಬಿಗಿದುಕೊಂಡಿದೆ. ಮೂಳೆ ಡಾಕ್ಟರು ಎಕ್ಸ್-ರೇ ತೆಗೆಸಿ ನೋಡಿ, "ಮಾತ್ರೆ ನುಂಗಿ ಕೂತ್ರೆ ಆಗಲ್ಲ, ಫಿಸಿಯೋಥೆರಪಿಸ್ಟ್ ಹಿಡಿದು ಎತ್ತಿಸ್ಬೇಕು. ಹೀಗೇ ಬಿಟ್ರೆ ಇಷ್ಟೇ ಕೈ ನಿಮಗೆ" ಎಂದರು. ಕಾಲೇಜಿನಲ್ಲಿ ಪಾಠ ಹೇಳುವ ನಾನು ಈಗ ಕರಿಹಲಗೆಯ ಕೆಳಗಿನ ಅರ್ಧದಲ್ಲಷ್ಟೇ ಬರೆಯುತ್ತೇನೆ, ಹಿಂದಿನ ಬೆಂಚಿನವರು ಎದ್ದು ನಿಂತು ಓದಿಕೊಳ್ಳುತ್ತಾರೆ. ನನ್ನ ಜಡೆ ಹೆಣೆಯುವ ಭಾರ ಯಜಮಾನರ ಪಾಲಿಗೆ ಬಂದಿದೆ. "ಸ್ವಲ್ಪ ಅಲ್ಲಾಡ್ದೆ ಇರ್ತೀಯಾ, ಮೂರನೇ ಎಳೆ ಎಲ್ಲೋ ಹೋಯ್ತು" ಎಂದು ಗೊಣಗುತ್ತಾ ಅವರು ಕಟ್ಟಿಕೊಡುವುದನ್ನು ಜಡೆ ಎಂದು ಕರೆಯುವುದು ನನ್ನ ದಾಂಪತ್ಯನಿಷ್ಠೆ. ಇಷ್ಟೇ ಕೈ ಎಂಬ ಮಾತು ಮಾತ್ರ ನಿದ್ದೆ ಕೊಡುತ್ತಿಲ್ಲ.

ಹಾಗಾಗಿ ತಮ್ಮನ್ನು ಒತ್ತಿದೆ. ನಮ್ಮ ಭಾಷೆಯಲ್ಲಿ ‘ಗುಂಡಿ’ ಎಂದರೆ ಒತ್ತುವಂಥದ್ದೂ ಹೌದು, ಬೀಳುವಂಥದ್ದೂ ಹೌದು. ಎರಡೂ ಅರ್ಥವನ್ನು ಒಬ್ಬರೇ ನಿಭಾಯಿಸುತ್ತಿರುವ ತಮ್ಮ ಸಾಮರ್ಥ್ಯಕ್ಕೆ ಎಂ.ಎ. ಓದಿದ ನಾನು ಬೆರಗಾಗಿದ್ದೇನೆ.

ತಾವು ತೋರಿಸಿದ ಅತಿ ಹತ್ತಿರದ ಫಿಸಿಯೋಥೆರಪಿಸ್ಟ್ ಒಂದು ಟೈಲ್ಸ್ ಅಂಗಡಿ. ಫೋನೆತ್ತಿದ ಮಾಲೀಕರು ನಾನು ಬಾಯಿ ತೆರೆಯುವ ಮೊದಲೇ, "ಸೊಂಟಾನಾ, ಭುಜಾನಾ?" ಎಂದು ವಿಚಾರಿಸಿದರು. ಭುಜ ಎಂದೆ. "ಪಾಪ. ಬೆಳಿಗ್ಗೆಯಿಂದ ಬರೀ ಸೊಂಟಾನೇ ಬರ್ತಿತ್ತು ಮೇಡಂ" ಎಂದರು. ತಮ್ಮ ಕಂಪನಿಯಲ್ಲಿ ನನ್ನ ನೋವನ್ನು ಇಷ್ಟು ವಿಶ್ವಾಸದಿಂದ ಕೇಳಿದವರು ಇನ್ನೊಬ್ಬರಿಲ್ಲ, ಅವರೂ ತಮ್ಮ ಕಂಪನಿಯವರಲ್ಲ. ಎರಡನೆಯವರು ನದಿಯ ಆಚೆ ದಡದಲ್ಲಿದ್ದಾರೆ. ನಡುವೆ ಸೇತುವೆ ಇಲ್ಲ. ತಾವು ದೂರವನ್ನು ಹಕ್ಕಿಗಳ ಲೆಕ್ಕದಲ್ಲಿ ಅಳೆಯುತ್ತೀರೆಂದು ಆಗ ತಿಳಿಯಿತು. ರೆಕ್ಕೆಯ ಮಾತು ಹಾಗಿರಲಿ, ಅದನ್ನು ಹಚ್ಚಲು ಬೇಕಾದ ಭುಜವೇ ಅಲ್ಲವೇ ಕೆಟ್ಟಿರುವುದು? ಮೂರನೆಯವರು ಮಕ್ಕಳಿಗೆ ಮಾತ್ರ ಚಿಕಿತ್ಸೆ ಕೊಡುವವರು, ನನ್ನ ವಯಸ್ಸು ಕೇಳಿ ಫೋನಿಟ್ಟುಬಿಟ್ಟರು. ನಾಲ್ಕನೆಯವರ ಹೆಸರಿನ ಮುಂದೆ ‘ಹೊಸ ರೋಗಿಗಳಿಗೆ ಲಭ್ಯ’ ಎಂದು ನಮೂದಿಸಿದ್ದಿರಿ. ಫೋನೆತ್ತಿದವರು ಅವರ ಹೆಂಡತಿ. "ಅವರು ತೀರಿಕೊಂಡು ತುಂಬಾ ದಿನ ಆಯ್ತಮ್ಮ. ಜೀವ ಬಿಟ್ರೂ ನಿಮ್ಮ ಕಂಪನಿಯವರು ಬಿಡ್ತಿಲ್ಲ" ಎಂದರು. ಕ್ಷಮೆ ಕೇಳಿದ್ದು ನಾನು. ತಮ್ಮ ಪರವಾಗಿ ಮಾಡಿದ ಆ ಕೆಲಸಕ್ಕೆ ಸಂಭಾವನೆ ಬೇಡ.

ಇಷ್ಟರ ನಡುವೆ ನಮ್ಮ ಬೀದಿಯ ಕೊನೆಯಲ್ಲೇ, ಔಷಧಿ ಅಂಗಡಿಯ ಮಹಡಿಯ ಮೇಲೆ, ಒಬ್ಬ ಫಿಸಿಯೋಥೆರಪಿಸ್ಟ್ ಇದ್ದಾಳೆ. ಕಿಟಕಿಯಲ್ಲಿ ನೀಲಿ ಚೆಂಡು, ಗೋಡೆಗೆ ರಬ್ಬರಿನ ಪಟ್ಟಿಗಳು, ಒಳಗೆ ಯಾರೋ ಹಲ್ಲು ಕಚ್ಚಿಕೊಂಡು ಕಾಲೆತ್ತುತ್ತಿರುತ್ತಾರೆ. ಹೋಗಿ ತಮ್ಮ ವಿಮೆಯ ಕಾರ್ಡು ತೋರಿಸಿದೆ. "ಅಯ್ಯೋ, ಇವರದ್ದಾ? ಬೇರೆ ಯಾವುದಾದ್ರೂ ಇದ್ರೆ ತನ್ನಿ ಅಕ್ಕಾ. ಇವರ ಹತ್ರ ಬಿಲ್ ಪಾಸ್ ಮಾಡಿಸೋಕೆ ಹೋಗಿ ನನ್ನ ಕತ್ತೇ ಹಿಡ್ಕೊಂಡಿದೆ" ಎಂದಳು. ಆಕೆ ತಮ್ಮ ಕಂಪನಿ ಒಪ್ಪಿದವರ ಪಟ್ಟಿಯಲ್ಲಿ, ಅಂದರೆ ತಮ್ಮ ಜಾಲದಲ್ಲಿ, ಇಲ್ಲವಂತೆ. ‘ಜಾಲ’ ಎಂಬ ಪದವನ್ನು ತಾವಾಗಿಯೇ ಆರಿಸಿಕೊಂಡ ಪ್ರಾಮಾಣಿಕತೆ ದೊಡ್ಡದು. ಅದರಲ್ಲಿ ಸಿಕ್ಕಿಕೊಂಡವರು ಯಾರೆಂದು ಕಂತು ಕಟ್ಟುವ ನಮಗೆ ಗೊತ್ತು.

ಕೊನೆಗೆ ತಮ್ಮ ಸಹಾಯವಾಣಿಗೆ ಫೋನ್ ಮಾಡಿದೆ. ಕೊಳಲಿನ ಒಂದೇ ರಾಗ ನಾಲ್ಕಾರು ಸಲ ಮುಗಿದ ಮೇಲೆ ಬಂದ ಹುಡುಗಿ, "ಒಂದು ಕೈನಾ, ಎರಡೂ ಕೈನಾ ಮೇಡಂ?" ಎಂದು ಕೇಳಿ, ಒಂದೇ ಎಂದಾಗ ಅಭಿನಂದಿಸುವ ಧ್ವನಿಯಲ್ಲಿ, "ಹಾಗಿದ್ರೆ ತುರ್ತು ಅಂತ ಬರಲ್ಲ. ನಮ್ಮ ಕಡೆಯಿಂದ ಏನೂ ಮಾಡೋಕಾಗಲ್ಲ" ಎಂದಳು. ನಾನು ಇಷ್ಟು ಕಷ್ಟಪಟ್ಟರೂ ಎತ್ತಲಾಗದ ಕೈಯನ್ನು ತಮ್ಮ ಕಂಪನಿ ಎಷ್ಟು ಸಲೀಸಾಗಿ ಎತ್ತಿಬಿಡುತ್ತದೆ! ಆ ವ್ಯಾಯಾಮವನ್ನು ನಮಗೂ ಕಲಿಸಿದರೆ ಫಿಸಿಯೋಥೆರಪಿಸ್ಟರೇ ಬೇಕಾಗುವುದಿಲ್ಲ.

ಆದ್ದರಿಂದ ಬೇಡಿಕೊಳ್ಳುವುದೇನೆಂದರೆ, ಟೈಲ್ಸ್ ಅಂಗಡಿಯವರಿಗೆ ಗೌರವ ಡಾಕ್ಟರೇಟ್ ಕೊಡಿಸಬೇಕು. ನದಿಯನ್ನು ನಾನು ದಾಟುವಷ್ಟು ಹೊತ್ತು ಪಕ್ಕಕ್ಕೆ ಸರಿಸಿಡಬೇಕು. ಮೂರನೆಯವರ ಅನುಕೂಲಕ್ಕಾಗಿ ನನ್ನನ್ನು ಒಂದು ತಿಂಗಳ ಮಟ್ಟಿಗೆ ಎಂಟು ವರ್ಷದವಳೆಂದು ದೃಢೀಕರಿಸಬೇಕು. ನಾಲ್ಕನೆಯವರಿರುವ ಲೋಕಕ್ಕೆ ಹೋಗಿಬರುವ ವ್ಯವಸ್ಥೆಯಾಗಬೇಕು, ‘ಬರುವ’ ಎಂಬುದನ್ನು ದಯವಿಟ್ಟು ಗಮನಿಸಬೇಕು. ಇವು ಈಡೇರುವವರೆಗೆ ಕಾಯಲು ಭುಜಕ್ಕೆ ವ್ಯವಧಾನವಿಲ್ಲ. ಹಾಗಾಗಿ ತಮಗೆ ಕಟ್ಟಬೇಕಾದ ಕಂತನ್ನು ಈ ಸಲ ಔಷಧಿ ಅಂಗಡಿಯ ಮಹಡಿ ಹತ್ತಿಸುತ್ತಿದ್ದೇನೆ. ನಾಳೆ ಆಕೆ ನನ್ನ ಕೈ ಹಿಡಿದು ಮೇಲೆತ್ತಿದಾಗ ಹೊರಡುವ ಕೂಗು ತಮ್ಮ ಕಚೇರಿಗೆ ಕೇಳಿಸಿದರೆ, ಅದನ್ನೇ ಪಾಲಿಸಿ ರದ್ದತಿಯ ಅರ್ಜಿ ಎಂದು ಸ್ವೀಕರಿಸಬೇಕು.

ಇಂತಿ,
ತಮ್ಮ ಜಾಲದ ಆಚೆ ನಿಂತ ವಿಶ್ವಾಸಿ,
ಅರ್ಧ ಹಲಗೆಯ ಮೇಡಂ

ಮರೆತ ಮಾತು: ಹೋದ ವಾರ ತಮ್ಮ ದೂರಿನ ಪುಟದಲ್ಲಿ ‘ಸೇವೆ’ ಎಂಬಲ್ಲಿ ಫಿಸಿಯೋಥೆರಪಿ ಎಂದೂ, ಕೆಳಗೆ ನಮ್ಮ ಮನೆಯ ವಿಳಾಸವನ್ನೂ ಬರೆದು ಕಳಿಸಿದ್ದೆ. ಉತ್ತರ ಬಂದಿಲ್ಲವೆಂದುಕೊಂಡಿದ್ದೆ, ಬಂದಿದೆ. ಈ ಪತ್ರ ಮಡಚುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ತಮ್ಮದೇ ಪಾಲಿಸಿ ಇರುವ ಪಕ್ಕದ ಮನೆಯಾಕೆ ಒಂದು ಕೈಯಲ್ಲಿ ಮೊಬೈಲು, ಇನ್ನೊಂದು ಕೈಯಲ್ಲಿ ಮೊಣಕಾಲು ಹಿಡಿದುಕೊಂಡು ನಿಂತಿದ್ದರು. ಮುಖದಲ್ಲಿ ನೋವಿಗಿಂತ ಮುನಿಸೇ ಹೆಚ್ಚಾಗಿತ್ತು.

"ಫಿಸಿಯೋಥೆರಪಿಸ್ಟ್ ಹುಡುಕೋಕೆ ಗುಂಡಿ ಒತ್ತಿದ್ರೆ ನಿಮ್ಮನೇನೇ ತೋರಿಸ್ತಿದೆಯಲ್ರೀ" ಎಂದರು. "ಇಷ್ಟು ವರ್ಷ ಗೋಡೆ ಪಕ್ಕದಲ್ಲೇ ನಾನು ಕುಂಟ್ತಾ ಇದ್ದೀನಿ, ಒಂದು ಮಾತು ಹೇಳಬಾರದಿತ್ತಾ?"