ಟೊಯೋಟಾ ಪುರಾಣದ ಇಪ್ಪತ್ತನೇ ಪಾರಾಯಣ

ಭಾಷಣ ಮಾಡುವುದೇನೂ ಕಷ್ಟವಲ್ಲ, ಕೇಳುವುದೇ ಕಷ್ಟ. ಇದು ಗುರುದತ್ತನ ಹತ್ತೊಂಬತ್ತು ವರ್ಷಗಳ ಅನುಭವದ ಸಾರ. ಹತ್ತೊಂಬತ್ತು ಆಯುಧಪೂಜೆಗಳಂದು ಆತ ಹಿಲ್ಸ್‌ಬರೋ ಬಡಾವಣೆಯ ಬಾಡಿಗೆ ಸಭಾಂಗಣದ ಮೊದಲ ಸಾಲಿನಲ್ಲಿ ಕೂತು, ಒಂದೇ ಭಾಷಣವನ್ನು ಒಂದೇ ಬಾಯಿಂದ ಕೇಳಿದ್ದ. ವಿಷಯ: ಟೊಯೋಟಾ ಕಂಪನಿಯ ಚರಿತ್ರೆ. ಭಾಷಣಕಾರ: ಅಪ್ಪಾಸಾಹೇಬ. ನಿಗದಿಯಾದ ಅವಧಿ: ಐದು ನಿಮಿಷ. ನಿಜವಾದ ಅವಧಿ: ಬಿಸಿಬೇಳೆಬಾತಿನ ಹೆಸರಿನಲ್ಲಿ ಮಾತ್ರ ಬಿಸಿ ಉಳಿಯುವಷ್ಟು.

ಆಕ್ಲೆಂಡಿನ ನಮ್ಮ ಕನ್ನಡ ಕೂಟದವರು ದಸರೆಯ ಭಾನುವಾರ ಕಾರುಗಳನ್ನು ತೊಳೆದು ತಂದು ಸಭಾಂಗಣದ ಅಂಗಳದಲ್ಲಿ ಸಾಲಾಗಿ ನಿಲ್ಲಿಸುತ್ತಾರೆ. ಭಟ್ಟರು (ಉಳಿದ ದಿನ ಅವರು ವಿಮಾ ಕಂಪನಿಯ ಗುಮಾಸ್ತರು) ಬಾನೆಟ್ಟಿಗೆ ಕುಂಕುಮ ಹಚ್ಚುತ್ತಾರೆ, ಚಕ್ರದಡಿಗೆ ನಿಂಬೆಹಣ್ಣು ಇಡುತ್ತಾರೆ. ಮೊದಲ ವರ್ಷ ಇದನ್ನು ನೋಡುತ್ತ ನಿಂತಿದ್ದ ಅಪ್ಪಾಸಾಹೇಬನಿಗೆ ಒಂದು ಸಂಶಯ ಬಂತು.

"ಸತ್ಯನಾರಾಯಣನ ಪೂಜಿ ಮಾಡಿದ್ರ ಕಥಿ ಓದ್ತೀರಿ. ಈ ಗಾಡಿ ದೇವರಿಗೆ ಕಥಿ ಬ್ಯಾಡೇನು? ಕಥಿ ಇಲ್ಲದ ಪೂಜಿ ಫಲ ಕೊಡ್ತೈತೇನ್ರೀ?"

ಫಲದ ಪ್ರಶ್ನೆ ಬಂದಾಗ ಯಾರೂ ಅಡ್ಡ ಮಾತಾಡಲಿಲ್ಲ. ಅಪ್ಪಾಸಾಹೇಬ ಮೈಕು ಹಿಡಿದ. ಆಮೇಲೆ ಬಿಡಲಿಲ್ಲ.

ಅಪ್ಪಾಸಾಹೇಬ ಇಳಕಲ್ಲಿನ ನೇಕಾರರ ಮನೆಯವನು, ಈಸ್ಟ್ ತಮಾಕಿಯ ಕಾರ್ಖಾನೆಯೊಂದರಲ್ಲಿ ಯಂತ್ರಗಳ ಆರೋಗ್ಯ ನೋಡಿಕೊಳ್ಳುವ ಎಂಜಿನಿಯರು. ಇಲ್ಲೇ ಥೇಮ್ಸ್ ಊರಿನಲ್ಲಿ ಜೋಡಣೆಯಾದ ತೊಂಬತ್ತೇಳರ ಕೊರೊಲಾ ಅವನ ವಾಹನ. ಕಾರು ಮಾಡುವ ಕಂಪನಿಯೊಂದು ಮಗ್ಗದ ಮನೆಯಿಂದ ಹುಟ್ಟಿತು ಎಂಬ ಸಂಗತಿ ಗೊತ್ತಾದ ದಿನದಿಂದ ಅವನು ಟೊಯೋಟಾವನ್ನು ತನ್ನ ಬೀಗರ ಮನೆಯಂತೆ ಕಾಣತೊಡಗಿದ್ದ. ಗುರುದತ್ತನೋ ಮೈಸೂರಿನವನು, ಸಾಫ್ಟ್‌ವೇರಿನವನು, ಎಲ್ಲಕ್ಕಿಂತ ಮಿಗಿಲಾಗಿ ಮಾಜ್ದಾ ಕಾರಿನವನು. ಇಬ್ಬರದೂ ಇಪ್ಪತ್ತೆರಡು ವರ್ಷಗಳ ಗೆಳೆತನ. ಅದರಲ್ಲಿ ಜಗಳವಾಡದ ದಿನಗಳನ್ನು ಹುಡುಕಬೇಕೆಂದರೆ ಇಬ್ಬರಲ್ಲೊಬ್ಬರು ಊರಿಗೆ ಹೋಗಿದ್ದ ದಿನಗಳನ್ನೇ ನೋಡಬೇಕು.

"ಹಿಂದಿನ ಸಾಲಿಗೆ ಕೇಳಿಸ್ತಿಲ್ಲ!" ಎಂದು ಗುರುದತ್ತ ಮೊದಲ ಸಾಲಿನಿಂದ ಕೂಗುತ್ತಿದ್ದ.

"ಕಾರ್ಕ್ ಕಂಪನಿಯವರು ಸುಮ್ಮ ಕುಂದ್ರಬೇಕು," ಎನ್ನುತ್ತಿದ್ದ ಅಪ್ಪಾಸಾಹೇಬ. (ಮಾಜ್ದಾದ ಮೂಲ ಹಿರೋಶಿಮಾದ ಕಾರ್ಕ್ ಕಾರ್ಖಾನೆ. ಇದನ್ನು ಗೆಳೆಯನಿಗೆ ಒಂದು ದುರ್ಬಲ ಗಳಿಗೆಯಲ್ಲಿ ಗುರುದತ್ತನೇ ಹೇಳಿದ್ದ.) "ನಿಮ್ಮವರು ಬಾಟ್ಲಿ ಬಾಯಿ ಮುಚ್ಚೂದು ಕಲಿಸ್ಯಾರ. ನಿನ್ನ ಬಾಯಿ ಮುಚ್ಚೂದು ಯಾಕ ಕಲಿಸಲಿಲ್ಲೋ?"

ಟೊಯೋಡಾ ಎಂಬ ಮನೆತನದ ಹೆಸರನ್ನು ಟೊಯೋಟಾ ಎಂದು ಬದಲಿಸಿದರೆ ಜಪಾನಿ ಬರಹದಲ್ಲಿ ಎಂಟೇ ಗೆರೆ ಆಗುತ್ತದೆ, ಎಂಟು ಅವರಿಗೆ ಶುಭಸಂಖ್ಯೆ ಎಂದು ಅಪ್ಪಾಸಾಹೇಬ ಹೇಳಿದ ವರ್ಷ ಗುರುದತ್ತ ಎದ್ದು ನಿಂತಿದ್ದ. "ಅಂದ್ರೆ ಅವ್ರೂ ನಮ್ ಥರ ಸಂಖ್ಯಾಶಾಸ್ತ್ರ ನಂಬ್ಕೊಂಡಿದ್ರು ಅನ್ನು!"

"ನಂಬಿದ್ರಪಾ. ಆದ್ರ ಅದರ ಕೂಡ ನಟ್ಟು ಬೋಲ್ಟೂ ಬಿಗಿ ಮಾಡಿದ್ರು."

ಸಭೆ ಚಪ್ಪಾಳೆ ತಟ್ಟಿತು. ಮರುವರ್ಷ ಅಪ್ಪಾಸಾಹೇಬ ಒಂದು ಹಿತ್ತಾಳೆ ಗಂಟೆಗೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿಕೊಂಡು ಬಂದ. ಟೊಯೋಟಾ ಕಾರ್ಖಾನೆಯಲ್ಲಿ ತಲೆಯ ಮೇಲೊಂದು ಹಗ್ಗ ಇರುತ್ತದಂತೆ. ತಪ್ಪು ಕಂಡರೆ ಯಾವ ಕೆಲಸಗಾರನಾದರೂ ಅದನ್ನು ಎಳೆಯಬಹುದು, ಬೇಕಾದರೆ ಇಡೀ ಸಾಲೇ ನಿಲ್ಲುತ್ತದೆ, ಎಳೆದವನನ್ನು ಯಾರೂ ಬೈಯುವುದಿಲ್ಲ. "ಇನ್ನ ಮ್ಯಾಲೆ ಒದರಬ್ಯಾಡ, ಎಳಿ," ಎಂದು ಹಗ್ಗದ ತುದಿಯನ್ನು ಗುರುದತ್ತನ ಕೈಗೆ ಕೊಟ್ಟ. ಗುರುದತ್ತ ಎಳೆದ. ಪ್ರತಿ ವರ್ಷ, ಮೂವತ್ತು ನಲವತ್ತು ಸಲ.

ಈ ವರ್ಷ ಏಪ್ರಿಲ್ ತಿಂಗಳಲ್ಲಿ ಅಪ್ಪಾಸಾಹೇಬ ತೀರಿಕೊಂಡ. ಹೃದಯಾಘಾತ. ಆಸ್ಪತ್ರೆಯಲ್ಲಿದ್ದದ್ದು ಮೂರೇ ದಿನ. ಎರಡನೆಯ ದಿನ ಗುರುದತ್ತ ಕಿತ್ತಳೆ ಹಣ್ಣು ಸುಲಿದು ಕೊಡುತ್ತಿದ್ದಾಗ ಅವನು ಹೇಳಿದ್ದು ಇಷ್ಟೇ: "ಇದು ಇಪ್ಪತ್ತನೇ ವರ್ಷ. ನನಗ ಆಗದಿದ್ರ ಭಾಷಣ ನೀ ಮಾಡು. ತಪ್ಪಿಸಬ್ಯಾಡ." ಗುರುದತ್ತ, "ನಾನು ಮಾಡಿದ್ರೆ ಮಾಜ್ದಾ ಬಗ್ಗೆ ಮಾಡ್ತೀನಿ, ಎದ್ದು ಬಂದು ನೀನೇ ಮಾಡು," ಎಂದಿದ್ದ. ಆ ಮಾತನ್ನು ಆಮೇಲೆ ಅವನು ಯಾರಿಗೂ ಹೇಳಲಿಲ್ಲ.

ದಸರೆ ಹತ್ತಿರ ಬಂದಾಗ ಕೂಟದ ಅಧ್ಯಕ್ಷ ಜಯಂತ ಫೋನು ಮಾಡಿದ. "ಗುರು ಸಾರ್, ಈ ಸಲ ಎರಡು ನಿಮಿಷ ಮೌನ ಆಚರಿಸಿ ಊಟಕ್ಕೆ ಕೂರೋಣ ಅಂತ. ಭಾಷಣ ಅವರೊಂದಿಗೇ ಮುಗೀತಲ್ಲ?"

"ಮುಗಿದಿಲ್ಲ. ನಾನು ಮಾಡ್ತೀನಿ."

"ನೀವು? ಸರಿ, ಐದೇ ನಿಮಿಷ. ಜನ ಆಕಳಿಸಿದ್ರೆ ಮುಂದಿನ ವರ್ಷದಿಂದ ತೆಗೆದುಬಿಡೋಣ, ಆಯ್ತಾ?"

ಆಕಳಿಕೆಯೇ! ಗುರುದತ್ತನಿಗೆ ನಗು ಬಂತು. ಹತ್ತೊಂಬತ್ತು ವರ್ಷಗಳಲ್ಲಿ ಆ ಭಾಷಣದ ತಪ್ಪುಗಳನ್ನೆಲ್ಲ ತಿದ್ದಿದವನು ತಾನು. ತಪ್ಪುಗಳನ್ನು ತೆಗೆದ ಮೇಲೆ ಉಳಿಯುವುದು ಅಪ್ಪಟ ಚಿನ್ನ ತಾನೆ? ಅಪ್ಪಾಸಾಹೇಬನ ಹೆಂಡತಿ ರತ್ನಪ್ರಭಾ ತನ್ನ ಗ್ಯಾರೇಜಿನಲ್ಲಿದ್ದ ಹಗ್ಗ, ಗಂಟೆಗಳನ್ನು ಕೊಡಲು ಅವನ ಮನೆಗೆ ಬಂದಾಗ ಅವನು ದೊಡ್ಡ ಮನಸ್ಸಿನಿಂದ ನಿರಾಕರಿಸಿದ. "ಬೇಡಮ್ಮ. ನಾನು ಮಾತಾಡುವಾಗ ಗಂಟೆಗೆ ಕೆಲಸ ಇರಲ್ಲ."

"ಹಂಗಂತೀರೇನು ಅಣ್ಣಾರ?" ಎಂದು ರತ್ನಪ್ರಭಾ ಅವನ ಮುಖ ನೋಡಿ, ಹಗ್ಗ ಸುತ್ತಿಕೊಂಡು ಅಡುಗೆಮನೆಯ ಕಡೆ ಹೋದಳು.

ಅಡುಗೆಮನೆಯಲ್ಲಿ ಇದ್ದವಳು ಗುರುದತ್ತನ ಹೆಂಡತಿ ಅರುಂಧತಿ. ಅಭ್ಯಾಸವೆಲ್ಲ ಅವಳ ಮುಂದೆಯೇ ನಡೆಯಿತು.

"ಜಾಗತಿಕ ವಾಹನೋದ್ಯಮದ ದಿಗಂತದಲ್ಲಿ ಸಾವಿರದ ಒಂಬೈನೂರ ಮೂವತ್ತಾರನೇ ಇಸವಿಯಲ್ಲಿ ಉದಯಿಸಿದ ಟೊಯೋಟಾ ಮೋಟಾರು ಸಂಸ್ಥೆಯು..."

"ಮೂವತ್ತೇಳು," ಎಂದಳು ಅರುಂಧತಿ, ಕ್ಯಾರೆಟ್ ತುರಿಯುತ್ತ.

"ನಿನಗೇನೇ ಗೊತ್ತು? ಪ್ರತಿ ವರ್ಷ ಭಾಷಣದ ಹೊತ್ತಿಗೆ ನೀನು ಸಭಾಂಗಣದ ಅಡುಗೆಮನೆಯಲ್ಲಿ ಪಾತ್ರೆ ಕಾಯ್ತಾ ಕೂತಿರ್ತಿದ್ದೆ."

"ಆ ಅಡುಗೆಮನೆಗೆ ಬಡಿಸೋ ಕಿಂಡಿ ಒಂದಿದೆ ರೀ. ಅದರಲ್ಲಿ ಅನ್ನ ಆಚೆ ಹೋಗುತ್ತೆ, ಮಾತು ಒಳಗೆ ಬರುತ್ತೆ."

"ಮೂವತ್ತಾರು. ಬರೆದಿಟ್ಕೊಂಡಿದೀನಿ."

"ತಪ್ಪು ಬರೆದಿಟ್ಕೊಂಡಿದೀರಿ."

ಮಗಳು ರಚನಾ ಫ್ರಿಜ್ಜಿನ ಬಾಗಿಲು ಹಿಡಿದು ನಿಂತು ತೀರ್ಪು ಕೊಟ್ಟಳು: "ಅಪ್ಪಾ, ಅಪ್ಪಾಸಾಹೇಬ್ ಅಂಕಲ್ ವಾಸ್ ಫನಿ. ಯೂ ಸೌಂಡ್ ಲೈಕ್ ದ ನ್ಯೂಸ್."

ಗುರುದತ್ತ ಇದನ್ನು ಹೊಗಳಿಕೆಯೆಂದೇ ಸ್ವೀಕರಿಸಿದ.

ಹಬ್ಬದ ಭಾನುವಾರ ಬಿಳಿ ಜುಬ್ಬ ತೊಟ್ಟು, ಮಾಜ್ದಾಕ್ಕೆ ಚೆಂಡುಹೂವಿನ ಹಾರ ಹಾಕಿ ಸಾಲಿನಲ್ಲಿ ನಿಲ್ಲಿಸಿದ. ಪಕ್ಕಕ್ಕೆ ರತ್ನಪ್ರಭಾ ತಾನೇ ಓಡಿಸಿಕೊಂಡು ಬಂದ ಹಳೆಯ ಕೊರೊಲಾ ಬಂದು ನಿಂತಿತು. ಅದರ ಎದುರು ತನ್ನ ವಾಹನ ಮಂಕಾಗಬಾರದೆಂದು ಗುರುದತ್ತ, ದೇವರೆದುರು ದೀಪ ಹಚ್ಚುವಂತೆ, ಮುಂದಿನ ಎರಡೂ ದೀಪಗಳನ್ನು ಹಚ್ಚಿದ. ಪೂಜೆ ಮುಗಿದು ಕೀಲಿ ತೆಗೆದು ಬಾಗಿಲು ತೆರೆದಾಗ ಕಾರು ಪೀಂ ಪೀಂ ಎಂದು ಎಚ್ಚರಿಸಿತು. ಮನಸ್ಸಿನಲ್ಲೇ ಭಾಷಣ ಒಪ್ಪಿಸುತ್ತಿದ್ದವನು "ಆಯ್ತು, ಆಯ್ತು" ಎಂದು ಬಾಗಿಲು ಬಡಿದು ಒಳಗೆ ನಡೆದ.

ವೇದಿಕೆಯೇರಿ ಕಾಗದ ಬಿಡಿಸಿದ. ದಿಗಂತ ಬಂತು, ಉದಯ ಬಂತು, ಮೂವತ್ತಾರು ಬಂತು. ಯಾರೂ ಏನೂ ಅನ್ನಲಿಲ್ಲ. ಎಂಟು ಗೆರೆಗಳ ಸಂಗತಿ ಹೇಳಿ ಅಭ್ಯಾಸಬಲದಿಂದ ಒಂದು ಗಳಿಗೆ ನಿಂತ. ಆ ನಿಲುಗಡೆಯೊಳಗೆ ಏನೋ ಬರಬೇಕಿತ್ತು, ಬರಲಿಲ್ಲ. ಹಿಂದೆ ಒಬ್ಬರು ಬಾಯಿಗೆ ಕೈ ಅಡ್ಡ ಹಿಡಿದರು. ಇನ್ನೊಬ್ಬರು ಅದನ್ನು ನೋಡಿ ಹಿಡಿದರು. ಆಕಳಿಕೆ ಸಾಲುಸಾಲಾಗಿ ಮುಂದೆ ಬಂತು. ಜಯಂತ ಗಡಿಯಾರ ನೋಡಿದ.

ಗುರುದತ್ತ ಕೆಳಗೆ ನೋಡಿದ. ಮೊದಲ ಸಾಲಿನ ಎಡತುದಿಯ ಕುರ್ಚಿಯಲ್ಲಿ ಯಾರೂ ಕೂತಿರಲಿಲ್ಲ. ಹತ್ತೊಂಬತ್ತು ವರ್ಷದ ರೂಢಿಯಂತೆ ಅದನ್ನು ಅವನಿಗಾಗಿ ಬಿಟ್ಟಿದ್ದರು. ವೇದಿಕೆ ಭರ್ತಿಯಾಗಿತ್ತು. ಖಾಲಿಯಿದ್ದದ್ದು ಅವನದೇ ಜಾಗ.

ಬೇಗ ಬೇಗ ಮುಂದಿನ ಸಾಲಿಗೆ ಬಂದ. "ತಾಯಿ ನೇಯುವುದನ್ನು ನೋಡಿ ಬೆಳೆದ ಸಕಿಚಿ ಟೊಯೋಡಾ ಅವರು ಮಾಡಿದ ಮಗ್ಗದ ವಿಶೇಷವೆಂದರೆ, ಒಂದು ಎಳೆ ಹರಿದರೂ ಅದು ತಾನಾಗಿಯೇ..."

ನಿಲ್ಲುತ್ತದೆ ಎನ್ನಬೇಕಿತ್ತು. ಗುರುದತ್ತ ತಾನೇ ನಿಂತುಬಿಟ್ಟ. ಕಾಗದದಲ್ಲಿ ಅಕ್ಷರಗಳಿದ್ದವು, ಅವನ ಕಣ್ಣು ಆ ಖಾಲಿ ಕುರ್ಚಿಯ ಮೇಲಿತ್ತು. ಅರ್ಧ ನಿಮಿಷ. ಒಂದು ನಿಮಿಷ. ಜಯಂತ ಎದ್ದು ಮೈಕಿನತ್ತ ಹೊರಟ.

ಟಣ್!

ಎಲ್ಲರೂ ತಿರುಗಿದರು. ಅಡುಗೆಮನೆಯ ಕಿಂಡಿಯ ಮೊಳೆಯಲ್ಲಿ ಹಿತ್ತಾಳೆ ಗಂಟೆ ತೂಗುತ್ತಿತ್ತು. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಹಗ್ಗ ಹಿಡಿದು ಅರುಂಧತಿ ನಿಂತಿದ್ದಳು. ಅವಳ ಹೆಗಲ ಹಿಂದೆ ರತ್ನಪ್ರಭಾ.

"ರೀ, ಮೂವತ್ತಾರು ತಪ್ಪು."

ಗುರುದತ್ತನಿಗೆ ತಟ್ಟನೆ ಮಾತು ಬಂತು. ಸಿಟ್ಟಿಗೆ ಆ ಶಕ್ತಿಯಿದೆ. "ಇಲ್ಲೂ ಶುರು ಮಾಡಿದ್ಯಾ? ಮೂವತ್ತಾರು!"

"ಮೂವತ್ತಾರರಲ್ಲಿ ಹೆಸರು ಬದಲಾಯಿಸಿದ್ದು. ಕಂಪನಿ ಮೂವತ್ತೇಳು. 'ಮೊದಲ ಹೆಸರಿಟ್ರು, ಆಮ್ಯಾಲ ಕೂಸು ಹಡೆದ್ರು' ಅಂತ ಅಪ್ಪಾಸಾಹೇಬರು ವರ್ಷಾ ವರ್ಷಾ ಹೇಳ್ತಿರಲಿಲ್ವಾ?"

ಸಭೆ ನಕ್ಕಿತು. ಹಿಂದಿನ ಸಾಲು ನೆಟ್ಟಗಾಯಿತು.

"ಸರಿ. ಮೂವತ್ತೇಳೇ ಇರಲಿ. ಮಗ್ಗ ನಿಲ್ಲುತ್ತೆ ಅಂತ ಹೇಳ್ತಿದ್ದೆ."

ಟಣ್! "ಯಾಕೆ ನಿಲ್ಲುತ್ತೆ ಅಂತ ಹೇಳಲಿಲ್ಲ."

"ಯಾಕೇಂದ್ರೆ ಎಳೆ ಹರಿದಿದೆ!"

"ಅಲ್ರೀ ಅಣ್ಣಾರ," ರತ್ನಪ್ರಭಾ ಕಿಂಡಿಯಿಂದ ತಲೆ ಹೊರಹಾಕಿದಳು. "ಗಂಟ್ ಹಾಕಾಕ ನಿಲ್ತೈತಿ. ನಮ್ಮತ್ತಿ ಮಗ್ಗದಾಗ ಹಂಗ ಮಾಡ್ತಿದ್ರು ಅಂತ ಇವರು ಹೇಳ್ತಿದ್ರಲಾ. ಗಂಟ್ ಹಾಕಿದ ಮ್ಯಾಲ ಮತ್ತ ನಡೀತೈತಿ. ನೀವೂ ನಡೀರಿ ಮುಂದ."

ಗುರುದತ್ತ ಕಾಗದ ಮಡಿಸಿ ಜೇಬಿಗೆ ಹಾಕಿದ. ಆಮೇಲೆ ನಡೆದದ್ದು ಭಾಷಣವಲ್ಲ, ಯುದ್ಧ. ಥೇಮ್ಸ್ ಬಂತು, ಕೊರೊಲಾ ಬಂತು, ಕಾರ್ಕ್ ಬಂತು. ಗಂಟೆ ಹೊಡೆದುಕೊಂಡೇ ಇತ್ತು. ಕೊನೆಗೆ ಜಯಂತನೇ ಓಡಿ ಹೋಗಿ ಹಗ್ಗ ಎಳೆದು, ತನ್ನ ನಿಸ್ಸಾನಿನ ವಂಶಾವಳಿಯನ್ನು ಯಾಕೆ ಬಿಟ್ಟಿರಿ ಎಂದು ದಬಾಯಿಸಿದ. ಐವತ್ತೈದು ನಿಮಿಷವಾಯಿತು. ಬಿಸಿಬೇಳೆಬಾತು ಪರಂಪರೆಯಂತೆ ತಣ್ಣಗಾಯಿತು.

ಚಪ್ಪಾಳೆ ನಿಂತ ಮೇಲೆ ಜಯಂತ ಘೋಷಿಸಿದ: "ಭಾಷಣ ಮುಂದಿನ ವರ್ಷವೂ ಇರುತ್ತೆ! ಶ್ರೀಮತಿ ಅರುಂಧತಿಯವರಿಂದ. ಗುರು ಸಾರ್, ನೀವು ಪಾತ್ರೆ ನೋಡ್ಕೊಳ್ಳಿ."

ಊಟ ಮುಗಿಸಿ ಅಂಗಳಕ್ಕೆ ಬರುವ ಹೊತ್ತಿಗೆ ಮೂರು ಗಂಟೆ. ಮಾಜ್ದಾದ ದೀಪಗಳು ಎಣ್ಣೆ ತೀರಿದ ಹಣತೆಯಂತೆ ಕೊನೆಯ ಕೆಂಪಿನಲ್ಲಿದ್ದವು. ಗುರುದತ್ತ ಕೀಲಿ ತಿರುಗಿಸಿದ. ಟಿಕ್ ಎಂದಿತು, ಅಷ್ಟೇ.

"ಲೈಟು ಆರಿಸಲಿಲ್ವಾ?" ಎಂದಳು ಅರುಂಧತಿ. "ಕಾರು ಕೂಗಿ ಹೇಳಲಿಲ್ವಾ?"

"ಹೇಳಿತ್ತು," ಎಂದ ಗುರುದತ್ತ, ಸಣ್ಣ ದನಿಯಲ್ಲಿ.

ರತ್ನಪ್ರಭಾ ಕೊರೊಲಾದ ಡಿಕ್ಕಿ ತೆರೆದು, ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಕೆಂಪು ಕಪ್ಪು ಕೇಬಲ್ಲುಗಳನ್ನು ತೆಗೆದಳು. "ಇವರು ನಿಮಗಂತ ಇಟ್ಟಿದ್ರು ಅಣ್ಣಾರ. 'ಒಂದಿನ ಗುರುನ ಗಾಡಿ ನನ್ನ ಗಾಡಿ ಮುಂದ ಕೈ ಮುಗೀತೈತಿ' ಅಂತಿದ್ರು." ಕೊರೊಲಾವನ್ನು ತಿರುಗಿಸಿ ತಂದು ಮಾಜ್ದಾಕ್ಕೆ ಮುಖಾಮುಖಿ ನಿಲ್ಲಿಸಿದಳು. ಎರಡೂ ಬಾನೆಟ್ಟುಗಳು ಮೇಲೆದ್ದವು. ಬ್ಯಾಟರಿಯಿಂದ ಬ್ಯಾಟರಿಗೆ ಕೇಬಲ್ಲು ಸಿಕ್ಕಿಸಿದರು. ಕೊರೊಲಾ ಗುರ್ರೆಂದಿತು. ಎರಡನೆಯ ಯತ್ನಕ್ಕೆ ಮಾಜ್ದಾಕ್ಕೆ ಜೀವ ಬಂತು.

ಕೂಟದ ಅರ್ಧ ಜನ ಸುತ್ತ ನಿಂತು ನೋಡುತ್ತಿದ್ದರು. ಗುರುದತ್ತ ಕೊರೊಲಾದ ಕುಂಕುಮ ಹಚ್ಚಿದ ಬಾನೆಟ್ಟಿನ ಅಂಚಿಗೆ ಕೈಯಿಟ್ಟು, ಯಾರಿಗೂ ಕೇಳಿಸದಂತೆ ತಲೆ ತಗ್ಗಿಸಿ ಹೇಳಿದ: "ಒಪ್ಪಿದೆ ಮಾರಾಯ. ನಿನ್ನದೇ ಒಳ್ಳೆ ಗಾಡಿ."

ಹಿಂದಿನಿಂದ ಟಣ್ ಎಂದಿತು. ಕಿಂಡಿಯ ಮೊಳೆಯಿಂದ ಬಿಚ್ಚಿ ತಂದ ಗಂಟೆ, ಹಗ್ಗ ಇನ್ನೂ ಅರುಂಧತಿಯ ಕೈಯಲ್ಲೇ ಇದ್ದವು.

"ರೀ, ಜೋರಾಗಿ ಹೇಳಿ. ಹಿಂದಿನ ಸಾಲಿಗೆ ಕೇಳಿಸಲಿಲ್ಲ."