ವಿರುಪಣ್ಣನ ನೀರಿನ ಎಣಿಕೆ

ಸಿದ್ದಾಪುರದ ಉಪಕಾಲುವೆಗೆ ಹಚ್ಚಿದ್ದ, ನೀರು ಅಳೆಯುವ ಹೊಸ ಯಂತ್ರ ಬೆಳಗಿನಿಂದ ಸೊನ್ನೆ ಬಿಟ್ಟು ಕದಲಿರಲಿಲ್ಲ. ಸಂಜೆಗೆ ನೀರಾವರಿ ಇಲಾಖೆಯ ದೊಡ್ಡ ಸಾಹೇಬರು ಅದನ್ನು ನೋಡಲು ಬರುವವರಿದ್ದರು. ತೂಬು ಕಾಯುವ ಸೌಡಿ ವಿರುಪಣ್ಣ ಹತ್ತು ಸಲ ಅದನ್ನು ತಟ್ಟಿ ನೋಡಿದ್ದ. ದಿನಗೂಲಿಯಲ್ಲೇ ತಲೆ ನರೆತವನು. ಯಂತ್ರ ನಡೆಸಿ ತೋರಿಸಿದರೆ ನೌಕರಿ ಕಾಯಂ ಮಾಡುವುದಾಗಿ ಹೇಳಿದ್ದರು.

ಕಾಲುವೆಯೊಳಗಿನ ಚಕ್ರ ಒಂದು ಸುತ್ತು ತಿರುಗಿದರೆ ಕರೆಂಟಿನ ಒಂದು ಮಿಡಿತ ತಂತಿಗುಂಟ ತಗಡಿನ ಶೆಡ್ಡಿಗೆ ಬರಬೇಕು, ಅಲ್ಲಿನ ಪೆಟ್ಟಿಗೆ ಅದನ್ನು ಎಣಿಸಬೇಕು. ಚಕ್ರವೇನೋ ತಿರುಗುತ್ತಿತ್ತು. ಪೆಟ್ಟಿಗೆ ಮಾತ್ರ ಮಾವನ ಮನೆಯಲ್ಲಿ ಮುನಿಸಿಕೊಂಡ ಅಳಿಯನಂತೆ ಗಪ್ಪನೆ ಕೂತಿತ್ತು.

ವಿರುಪಣ್ಣ ರೇಡಿಯೋ ರಿಪೇರಿಯ ಯಮನೂರಸಾಬನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಂದ. ಅವನು ಮೀಟರ್ ಹಚ್ಚಿ ನೋಡಿ, ಮಿಡಿತದ ವೋಲ್ಟೇಜ್ ಕಡಿಮೆ, ಪೆಟ್ಟಿಗೆಗೆ ಅದು ಕೇಳಿಸುತ್ತಿಲ್ಲ ಎಂದ. ಒಳಗಿನ ಸಣ್ಣ ತಿರುಪನ್ನು ತಿರುವಿದ. ಟಕ್ ಎಂದು ಅಂಕಿ ಉರುಳಿತು.

ಅಷ್ಟರಲ್ಲಿ ದಂಡೆಯ ಮೇಲೆ ಚಹಾ ಮಾರುವ ಪಾರ್ವತೆಮ್ಮ, ಕಾಲುವೆಯ ಕೊನೆಯ ಗದ್ದೆಯ ಕಳಕಪ್ಪ ಬಾಗಿಲಿಗೆ ಬಂದು ನಿಂತಿದ್ದರು. ನೀರು ಸಾಲದೆ ಕಳಕಪ್ಪನ ಭತ್ತ ಹಳದಿಗೆ ತಿರುಗಿತ್ತು. ನೀರು ಕದಿಯುವ ಮೇಲಿನ ಊರವರನ್ನು ಈ ಪೆಟ್ಟಿಗೆಯೇ ಹಿಡಿದುಕೊಡುತ್ತದೆಂದು ಅವನು ನಂಬಿದ್ದ.

"ಇನ್ನಷ್ಟು ಏರಸ್ರಿ ಸಾಬ್ರ. ಸಾಹೇಬ್ರ ಮುಂದ ಕೈ ಕೊಟ್ಟೀತು," ಎಂದ ಕಳಕಪ್ಪ.

ಪಾರ್ವತೆಮ್ಮನೂ ಹೂಂಗುಟ್ಟಿದಳು.

"ರೇಡಿಯೋ ದನಿ ಏರಿಸಿದ್ರ ಹಾಡಿನ ಜೋಡಿ ಗರಗರಾನೂ ಏರ್ತೈತ್ರಿ," ಎನ್ನುತ್ತಲೇ ಯಮನೂರಸಾಬ ತಿರುಪು ಏರಿಸಿ, ಗಂಗಾವತಿ ಬಸ್ಸು ಹತ್ತಿ ಹೋದ.

ಮಧ್ಯಾಹ್ನ ನೀರು ನಿಂತಿತು. ಮೇಲಿನ ಊರವರು ಕಾಲುವೆಗೆ ಅಡ್ಡ ಮಣ್ಣು ಹಾಕಿ ತಮ್ಮ ಗದ್ದೆಗೆ ತಿರುಗಿಸಿಕೊಂಡಿದ್ದರು. ಚಕ್ರ ನಿಂತಿತು. ಅಂಕಿ ಮಾತ್ರ ನಿಲ್ಲಲಿಲ್ಲ. ನಾಯಿ ಬೆನ್ನಟ್ಟಿದ ಕೋಳಿಯಂತೆ ಓಡುತ್ತಿತ್ತು. ಪಕ್ಕದ ಅಕ್ಕಿ ಗಿರಣಿಯ ಮೋಟರಿನ ಗರಗರ ತಂತಿಗೆ ತಗುಲಿ, ಪೆಟ್ಟಿಗೆ ಅದನ್ನೂ ನೀರೆಂದೇ ಎಣಿಸುತ್ತಿತ್ತು.

ವಿರುಪಣ್ಣ ತಿರುಪು ಇಳಿಸಿದ. ಅಂಕಿ ಸತ್ತಿತು. ಕೆಸರಿಗಿಳಿದು ಕೈಯಾರೆ ಚಕ್ರ ತಿರುಗಿಸಿ ಬಂದರೂ ಏಳಲಿಲ್ಲ. ಏರಿಸಿದ, ಮತ್ತೆ ಓಡತೊಡಗಿತು. ಸಾಬ ಮೊದಲು ನಿಲ್ಲಿಸಿದ್ದ ಜಾಗ ಅವನ ಕೈಗೆ ಸಿಗಲಿಲ್ಲ. ಸತ್ತ ಪೆಟ್ಟಿಗೆಗಿಂತ ಸುಳ್ಳು ಹೇಳುವ ಪೆಟ್ಟಿಗೆಯೇ ವಾಸಿ ಅನ್ನಿಸಿ, ಹಾಗೇ ಬಿಟ್ಟು ಮುಚ್ಚಳ ಹಾಕಿದ.

ಸಾಹೇಬರ ಜೀಪು ಬಂದು ನಿಲ್ಲುವುದಕ್ಕೂ ಊರಿನ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಗಿರಣಿ ನಿಂತಿತು. ಬ್ಯಾಟರಿಯ ಮೇಲೆ ನಡೆಯುವ ಪೆಟ್ಟಿಗೆ, ಎಣಿಸಲು ಗರಗರವಿಲ್ಲದೆ, ತೆಪ್ಪಗಾಯಿತು. ಸಾಹೇಬರು ಒಣಗಿದ ಕಾಲುವೆ ನೋಡಿದರು, ನಿಂತ ಅಂಕಿ ನೋಡಿದರು. ನೀರಿಲ್ಲದಾಗ ಎಣಿಸುವುದಿಲ್ಲ, ಅಪ್ಪಟ ಸತ್ಯವಂತ ಯಂತ್ರ ಎಂದು ಹೊಗಳಿದರು. ವಿರುಪಣ್ಣನ ಜೀವ ತಿರುಗಿ ಬಂತು.

ಆಗ ಕಳಕಪ್ಪ ಕೈಮುಗಿದು ಮುಂದೆ ಬಂದ. ಮೇಲಿನ ಊರವರು ಹನಿ ನೀರನ್ನೂ ಬಿಟ್ಟಿಲ್ಲ, ಭತ್ತ ಸಾಯುತ್ತಿದೆ ಎಂದು ಅತ್ತ.

ಸಾಹೇಬರು ಮತ್ತೆ ಅಂಕಿಯತ್ತ ಬಗ್ಗಿದರು. ಕಾಲುವೆ ತುಂಬಿ ಹರಿದಷ್ಟು ಎಣಿಕೆ ಅಲ್ಲಿತ್ತು.

"ಮೇಲಿನವ್ರು ಕದ್ದಿದ್ರ ಈ ಅಂಕಿ ಏಳ್ತಿದ್ದಿಲ್ಲ," ಎಂದರು. "ನೀರು ಇಲ್ಲೀತನಕ ಬಂದೈತಿ. ಇಲ್ಲಿಂದ ಎಲ್ಲಿ ಹೋತು ವಿರುಪಣ್ಣ?"

ವಿರುಪಣ್ಣ ತಿರುಪಿನ ಕತೆ ಹೇಳಿದ, ಗಿರಣಿಯ ಕತೆ ಹೇಳಿದ. ಗಿರಣಿಯೊಳಗೆ ನೀರು ಹರಿಯುತ್ತದೆಯೇ ಎಂದು ಕೇಳಿ ಸಾಹೇಬರು ಶೆಡ್ಡಿನ ಕೀಲಿಕೈ ಕಸಿದುಕೊಂಡರು. ನಾಳೆಯಿಂದ ಬರಬೇಡ ಎಂದು ಜೀಪು ಹತ್ತಿದರು.

ಜೀಪಿನ ಧೂಳು ಅಡಗುವ ಮೊದಲೇ ಕರೆಂಟು ಬಂತು. ಗಿರಣಿ ಗುಡುಗಿತು, ಶೆಡ್ಡಿನೊಳಗೆ ಟಕಟಕ ಶುರುವಾಯಿತು. ವಿರುಪಣ್ಣ ಓಡಿಹೋಗಿ ಕಳಕಪ್ಪನನ್ನು ರಟ್ಟೆ ಹಿಡಿದು ಎಳೆತಂದ. ಕಿಟಕಿಯಿಂದ ಓಡುವ ಅಂಕಿ ತೋರಿಸಿದ, ಒಣ ಕಾಲುವೆ ತೋರಿಸಿದ, ನೀನೇ ಸಾಕ್ಷಿ ಹೇಳಬೇಕು ಎಂದ.

ಕಳಕಪ್ಪ ಅಂಕಿ ನೋಡಿದ. ಕಾಲುವೆ ನೋಡಿದ. ಆಮೇಲೆ ವಿರುಪಣ್ಣನ ಮುಖ ನೋಡಿದ.

"ನೌಕರಿ ಹೋದ ಮ್ಯಾಲೂ ನೀರು ಕದಿಯೂದು ಬಿಡವಲ್ಲಿ ಅಲ್ಲೋ," ಎಂದು ರಟ್ಟೆ ಬಿಡಿಸಿಕೊಂಡ.