ಮೂರು ಗೇರಿನ ಮೋಟಾರು

"ಈವತ್ತು ಹಾಕ್ಸ್‌ಲೋ ದಿಬ್ಬದ ಮೇಲೆ ನನ್ನ ಹಣೆಬರಹ ಇತ್ಯರ್ಥ ಆಗತ್ತೆ ಕಣಮ್ಮಾ" ಎಂದು ಈನಕ್ ವಿಬರ್ಲಿ ಓಟ್ ರೊಟ್ಟಿಯನ್ನು ಬಾಯಲ್ಲಿಟ್ಟುಕೊಂಡೇ ಹೇಳಿ ಓಡಿದ. ತಾನು ಬಾಡಿಗೆಗಿದ್ದ ಮನೆಯ ಒಡತಿ ಮಿಸೆಸ್ ಟ್ಯಾಗ್‌ಗೆ ಅಷ್ಟು ಮಾತ್ರ ಹೇಳಿದ್ದೇ ತಪ್ಪಾಯಿತು.

ಹೇಳದೆ ಉಳಿದದ್ದು ಇದು. ಈನಕ್ ಡರ್ಬಿ ಊರಿನ ಒಂದು ಮೋಟಾರು ಕಾರ್ಖಾನೆಯಲ್ಲಿ ಹೊಸ ಕಾರುಗಳನ್ನು ಬೆಟ್ಟಗುಡ್ಡ ಹತ್ತಿಸಿ ತಪ್ಪು ಹುಡುಕುವ ಚಾಲಕ. ಲಾರ್ಡುಗಳು ಮಾತ್ರ ಕೊಳ್ಳಬಲ್ಲ ಆ ಕಾರು ಬೆಕ್ಕಿನ ಹೆಜ್ಜೆಯಷ್ಟು ಮೆತ್ತಗೆ ಓಡುತ್ತಿತ್ತು. ಆದರೆ ಇದ್ದದ್ದು ಮೂರೇ ಗೇರು. ಕಡಿದಾದ ಏರು ಕಂಡರೆ ಅದಕ್ಕೆ ಏದುಸಿರು. "ಏರಿಗೆಂದೇ ಇನ್ನೊಂದು ಗೇರು ಬೇಕೇ ಬೇಕು" ಎಂದು ಈನಕ್ ಹನ್ನೊಂದು ವರದಿ ಬರೆದ. ಹನ್ನೊಂದನೆಯದಕ್ಕೆ ಮುಖ್ಯ ಎಂಜಿನಿಯರ್ ಹ್ಯಾಲೋಸ್ ಸಾಹೇಬರು ಕೆರಳಿದರು.

"ನಾನೇ ಬಂದು ಪಕ್ಕದಲ್ಲಿ ಕೂತ್ಕೋತೀನಿ. ಕಾರು ದಿಬ್ಬದಲ್ಲಿ ನಿಂತರೆ ನಿನ್ನ ಗೇರು ಹಾಕಿಸ್ತೀನಿ, ಬೇಸಿಗೇಲಿ ಆಲ್ಪ್ಸ್ ಬೆಟ್ಟದ ಕಾರು ಪಂದ್ಯಕ್ಕೂ ನೀನೇ ಡ್ರೈವರ್. ಹತ್ತಿತೋ, ಡ್ರೈವರಿಕೆ ಬಿಟ್ಟು, ಕಬ್ಬಿಣ ಉಜ್ಜೋ ಅರ ಹಿಡಿದು ಕಾರ್ಖಾನೆ ಬೆಂಚಿನ ಮುಂದೆ ನಿಲ್ಲು!"

ಹೀಗೆ, ತನ್ನ ಕಾರು ಕೈಕೊಡಲಿ ಎಂದು ದೇವರಿಗೆ ಮೊರೆಯಿಡುತ್ತ ಈನಕ್ ಸಾಹೇಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ದಿಬ್ಬದ ಬುಡಕ್ಕೆ ಬಂದ. ಹಿಂದಿನ ಸೀಟಿನಲ್ಲಿ ಜನರ ಬದಲು ಮರಳಿನ ಮೂಟೆಗಳು ಚಾವಣಿ ಮುಟ್ಟಿದ್ದವು. ಮಿಸೆಸ್ ಟ್ಯಾಗ್ ಸಾರಿದ ಸುದ್ದಿ ಕೇಳಿ ರಸ್ತೆಬದಿಯ ಬೇಲಿಯುದ್ದಕ್ಕೂ ಊರಿಗೆ ಊರೇ ನಿಂತಿತ್ತು.

"ಎಡಕ್ಕೆ ಎಳ್ಕೊಳೋ ಈನಕ್!" ಎಂದ ಅಂಚೆಯವನು.

"ಬಲಕ್ಕೆ ಹಿಡಿಯೋ! ಇವನ ಮಾತು ಕೇಳಿದವರೆಲ್ಲ ಹಳ್ಳದಲ್ಲಿದ್ದಾರೆ!" ಎಂದ ಕಮ್ಮಾರ ಫರ್ನಿಸ್.

"ಹೆದರಬೇಡ ಚಿನ್ನಾ, ನಾವಿದ್ದೀವಿ!" ಎಂದು ಮಿಸೆಸ್ ಟ್ಯಾಗ್ ಏಪ್ರನ್ ಬೀಸಿದಳು.

ಕಾರು ಹೊರಟಿತು. ಮೊದಲ ತಿರುವು, ಎರಡನೆಯ ತಿರುವು. ಮೂರನೆಯದರಲ್ಲಿ ಅದು ಜ್ವರದ ಕುದುರೆಯಂತೆ ನಡುಗಿ, ಕುಲುಕಿ, ಮುಗ್ಗರಿಸಿತು. ಈನಕ್‌ನ ಎದೆ ಕುಣಿಯಿತು. ನಿಲ್ಲು ತಾಯೀ, ನಿಲ್ಲು! ಕಣ್ಣು ಮುಚ್ಚಿ ಸ್ಟೀರಿಂಗ್ ಚಕ್ರವನ್ನು ಅಪ್ಪಿಕೊಂಡ.

ನಿಲ್ಲಲಿಲ್ಲ. ತೆಪ್ಪಗೆ, ನಯವಾಗಿ, ಮೇಲಕ್ಕೇ ತೇಲಿತು.

"ಆಹಾ! ಕೇಳಿದ್ಯೇನೋ?" ಸಾಹೇಬರು ತೊಡೆ ತಟ್ಟಿಕೊಂಡರು. "ಎಂಜಿನ್ನಿನ ಉಸಿರೂ ಕೇಳಿಸ್ತಿಲ್ಲ! ಇಷ್ಟು ಸದ್ದಿಲ್ಲದ ಕಾರು ಭೂಮಿ ಮೇಲೆ ಇನ್ನೊಂದಿಲ್ಲ!"

ನೆತ್ತಿ ಬಂತು. ಈನಕ್ ಅಳುಮುಖದಿಂದ ಬ್ರೇಕು ಎಳೆದು ಎಂಜಿನ್ ಆರಿಸಲು ಕೈ ಚಾಚಿದ. ಆರಿಸಲು ಏನೂ ಉಳಿದಿರಲಿಲ್ಲ. ಮೂರನೆಯ ತಿರುವಿನ ಕುಲುಕಿಗೆ ಗೇರು ಕಳಚಿ, ಎಂಜಿನ್ ಅಲ್ಲೇ ಪ್ರಾಣ ಬಿಟ್ಟಿತ್ತು.

ಹಿಂದೆ ಧೊಪ್ಪೆಂದು ಸದ್ದಾಯಿತು. ಕಮ್ಮಾರ ಫರ್ನಿಸ್ ರಸ್ತೆಯ ಮೇಲೆ ಅಂಗಾತ ಬಿದ್ದಿದ್ದ. ಸುತ್ತ ಹನ್ನೆರಡು ಜನ, ಸದ್ದಾಗಬಾರದೆಂದು ಬೂಟು ಬಿಚ್ಚಿ ಬರೀ ಕಾಲುಚೀಲದಲ್ಲಿ. ಚರ್ಚಿನ ಪಾದ್ರಿಯವರ ಮುಖ ಬೀಟ್‌ರೂಟು.

"ಹತ್ತಿಸಿಬಿಟ್ವಿ ಚಿನ್ನಾ!" ಮಿಸೆಸ್ ಟ್ಯಾಗ್ ತೇಕಿದಳು. "ಇನ್ನು ನಿನ್ನ ಕೆಲಸ ಯಾರು ಕಿತ್ಕೋತಾರೆ ನೋಡೋಣ!"

ಈನಕ್ ಜಿಗಿದೆದ್ದ. "ಸರ್! ಇವರು ತಳ್ಳಿದ್ದು! ಕಾರು ನಿಂತಿತ್ತು! ನಾನು ಗೆದ್ದೆ!"

ಸಾಹೇಬರು ಬಾನೆಟ್ ತೆರೆದು ನೋಡಿದರು, ಗೇರಿನ ಹಿಡಿ ಅಲ್ಲಾಡಿಸಿದರು. ನ್ಯಾಯವಂತ ಮನುಷ್ಯ. "ಗೆದ್ದೆ ಕಣಯ್ಯ. ನಾಳೆಯೇ ನಾಲ್ಕು ಗೇರಿನ ನಕ್ಷೆ ಬರೆಸ್ತೀನಿ."

ಈನಕ್ ಟೋಪಿಯನ್ನು ಆಕಾಶಕ್ಕೆ ಎಸೆದ. "ಆಲ್ಪ್ಸ್‌ಗೆ ಹೊರಡೋದು ಯಾವತ್ತು ಸರ್?"

"ಎಂಜಿನ್ ಸತ್ತು ನೂರು ಗಜ ಹೋದರೂ ಗೊತ್ತಾಗದ ಡ್ರೈವರನ್ನ ಆಲ್ಪ್ಸ್‌ಗೆ ಕಳಿಸ್ಲಾ?"

"ತಮಗೂ ಗೊತ್ತಾಗಲಿಲ್ಲವಲ್ಲ ಸರ್!"

"ಅದಕ್ಕೇ ನಾನು ಡ್ರೈವರ್ ಆಗಲಿಲ್ಲ."

ಸೋಮವಾರ ಈನಕ್ ಅರ ಹಿಡಿದು ಬೆಂಚಿನ ಮುಂದೆ ನಿಂತಿದ್ದ. ಅವನಿಗೆ ಕೊಟ್ಟ ಮೊದಲ ಕೆಲಸ, ಆಲ್ಪ್ಸ್ ಹತ್ತಲಿರುವ ಆ ಹೊಸ ಗೇರಿನ ಹಲ್ಲುಗಳನ್ನು ಉಜ್ಜಿ ನಯಮಾಡುವುದು.